ನಡೆಯದೇ ಇದ್ದದ್ದು ನೆನಪಿಗೆ ಬಂದಾಗ

1994ರ ಮೇ ತಿಂಗಳು. ಕ್ಯಾಲಿಫೋರ್ನಿಯಾದ ನಾಪಾ. ದ್ರಾಕ್ಷಿ ತೋಟಕ್ಕೂ ವೈನಿಗೂ ಹೆಸರಾದ ಊರು. ಅಲ್ಲಿನ ಕೋರ್ಟಿನಲ್ಲಿ ಒಂದು ವಿಚಿತ್ರ ದಾವೆ ಮುಗಿಯುವ ಹಂತಕ್ಕೆ ಬಂದಿತ್ತು. ದಾವೆ ಹಾಕಿದವನು ಗ್ಯಾರಿ ರಮೋನಾ. ದೊಡ್ಡ ವೈನ್ ಕಂಪನಿಯೊಂದರಲ್ಲಿ ಉಪಾಧ್ಯಕ್ಷನಾಗಿದ್ದವನು. ಹಾಕಿದ್ದು ತನ್ನ ಮಗಳಿಗೆ ಚಿಕಿತ್ಸೆ ಕೊಟ್ಟವರ ಮೇಲೆ.

ಮಗಳು ಕಾಲೇಜಿನಲ್ಲಿದ್ದಳು. ಬುಲಿಮಿಯಾ ಇತ್ತು, ಅಂದರೆ ಹೊಟ್ಟೆ ಬಿರಿಯ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಕಾಯಿಲೆ. ಮನಸ್ಸೂ ಕುಗ್ಗಿತ್ತು. ಚಿಕಿತ್ಸೆಗೆ ಹೋದಳು. ಬುಲಿಮಿಯಾ ಇರುವವರಲ್ಲಿ ಬಹಳಷ್ಟು ಜನಕ್ಕೆ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಆಗಿರುತ್ತದೆ ಎಂಬ ಮಾತು ಅಲ್ಲಿ ಬಂತು. ಹೋಗುವಾಗ ಅವಳಿಗೆ ಅಂಥ ಯಾವ ನೆನಪೂ ಇರಲಿಲ್ಲ. ಕೆಲವು ತಿಂಗಳಲ್ಲಿ ಚೂರುಪಾರು ಚಿತ್ರಗಳು ಕಾಣಿಸತೊಡಗಿದವು. ಆ ಚಿತ್ರಗಳಲ್ಲಿ ಇದ್ದವನು ಅಪ್ಪ. ನಿಜವೋ ಅಲ್ಲವೋ ತಿಳಿಯಲು 1990ರಲ್ಲಿ ಆಸ್ಪತ್ರೆಯಲ್ಲಿ ಸೋಡಿಯಂ ಅಮೈಟಾಲ್ ಎಂಬ ಮಂಪರು ಮದ್ದು ಕೊಟ್ಟು ಪ್ರಶ್ನೆ ಕೇಳಿದರು. ಆಮೇಲೆ ಅಪ್ಪನನ್ನು ಅಲ್ಲಿಗೇ ಕರೆಸಿ ಎದುರಿಗೆ ಕೂರಿಸಿ ಆರೋಪ ಹೇಳಿಸಿದರು. ಹೆಂಡತಿ ವಿಚ್ಛೇದನ ಪಡೆದಳು. ಕೆಲಸ ಹೋಯಿತು. ಮೂವರು ಹೆಣ್ಣುಮಕ್ಕಳೂ ದೂರವಾದರು.

ರಮೋನಾ ಎಂಬತ್ತು ಲಕ್ಷ ಡಾಲರ್ ಕೇಳಿದ್ದ. ಜ್ಯೂರಿ ಸುಮಾರು ಐದು ಲಕ್ಷ ಕೊಡಿಸಿತು. ಚಿಕಿತ್ಸಕರ ಅಜಾಗರೂಕತೆಯಿಂದ ಮಗಳ ಮನಸ್ಸಿನಲ್ಲಿ ಹುಸಿ ನೆನಪು ಬೇರೂರಿತು ಎಂದು ಒಪ್ಪಿತು. ಚಿಕಿತ್ಸೆಗೆ ಹೋದವಳು ಮಗಳು, ಆದರೂ ಹಾನಿ ಆದದ್ದು ತನಗೆ ಎಂದು ಅಪ್ಪ ಹೇಳಿದ್ದನ್ನು ಕೋರ್ಟು ಕೇಳಿಸಿಕೊಂಡಿತಲ್ಲ, ಅದೇ ಆಗ ಹೊಸ ವಿಷಯ. ಮಗಳು ಮಾತ್ರ ಕಟಕಟೆಯಲ್ಲಿ ನಿಂತು, ನನಗೆ ನೆನಪಿರುವುದು ನಿಜ ಎಂದೇ ಹೇಳಿದಳು.

ಅವಳು ಸುಳ್ಳು ಹೇಳಿದಳೇ? ಇಲ್ಲ. ಸುಳ್ಳುಗಾರನಿಗೆ ಒಳಗೊಳಗೇ ನಿಜ ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಹೇಳುವವರಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಹೇಳುವಾಗ ಮೈ ನಡುಗುತ್ತದೆ, ಕಣ್ಣೀರು ಬರುತ್ತದೆ. ಅದಕ್ಕೇ ನಾನು 'ಸುಳ್ಳು ನೆನಪು' ಅನ್ನದೆ 'ಹುಸಿ ನೆನಪು' ಅನ್ನುತ್ತೇನೆ. ಇಂಥ ಮನೆಯಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲದಿರಬಹುದು. ಮನೆ ಒಡೆಯುವುದು ಮಾತ್ರ ತಪ್ಪುವುದಿಲ್ಲ.

ಇದು ಹೇಗೆ ಸಾಧ್ಯ?

ನೆನಪು ಅಂದರೆ ಟ್ರಂಕಿನಲ್ಲಿ ಮಡಿಸಿಟ್ಟ ಸೀರೆ, ಬೇಕಾದಾಗ ತೆಗೆದರೆ ಇಟ್ಟ ಹಾಗೇ ಸಿಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದಕ್ಕಿಂತ ತಾಳಮದ್ದಳೆಯ ಹೋಲಿಕೆ ಹತ್ತಿರ. ಪ್ರಸಂಗದ ಪದ್ಯ ನಾಲ್ಕು ಸಾಲು ಇರುತ್ತದೆ. ಅರ್ಥಧಾರಿ ಅದಕ್ಕೆ ಅರ್ಧ ಗಂಟೆ ಅರ್ಥ ಹೇಳುತ್ತಾನೆ. ಆ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಆ ರಾತ್ರಿ, ಎದುರು ಕೂತ ಅರ್ಥಧಾರಿ ಕೇಳಿದ ಪ್ರಶ್ನೆಗೆ ತಕ್ಕಂತೆ, ಅಲ್ಲೇ ಹುಟ್ಟಿದ್ದು. ಮನಸ್ಸೂ ಹೀಗೇ. ಉಳಿದಿರುವುದು ನಾಲ್ಕು ಸಾಲು. ಮಿಕ್ಕದ್ದನ್ನು ಆಯಾ ಹೊತ್ತಿಗೆ ಕಟ್ಟುತ್ತದೆ. ಒಂದೇ ವ್ಯತ್ಯಾಸ: ಇವತ್ತು ಕಟ್ಟಿದ ಅರ್ಥ ನಾಳೆ ಪದ್ಯದೊಳಕ್ಕೇ ಸೇರಿಕೊಂಡುಬಿಡುತ್ತದೆ. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಅಂತ ಹೇಳುವವರಿಗೇ ತಿಳಿಯುವುದಿಲ್ಲ.

ನನ್ನ ಹತ್ತಿರವೂ ಅಂಥದ್ದೊಂದಿದೆ. ಅಜ್ಜನ ಮನೆಯ ಬಾವಿಗೆ ಬಿದ್ದದ್ದು, ಮಾವ ಇಳಿದು ಎತ್ತಿದ್ದು, ಅವನ ಒದ್ದೆ ಪಂಚೆಯ ವಾಸನೆ, ಎಲ್ಲ ನನಗೆ ಚೆನ್ನಾಗಿ ನೆನಪಿದೆ. ಬಿದ್ದದ್ದು ಅಕ್ಕ. ನಾನಾಗ ತೊಟ್ಟಿಲಲ್ಲಿದ್ದೆ. ಅಮ್ಮ ಇದನ್ನು ಹೇಳಿ ಎಷ್ಟೋ ವರ್ಷವಾಯಿತು. ಪಂಚೆಯ ವಾಸನೆ ಇನ್ನೂ ಹೋಗಿಲ್ಲ.

ಇದನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮುಖ್ಯರು ಎಲಿಜಬೆತ್ ಲಾಫ್ಟಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ. 1974ರಲ್ಲಿ ಅವರು ಜನರಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಆಮೇಲೆ ಕೆಲವರಿಗೆ "ಕಾರುಗಳು ಡಿಕ್ಕಿಯಾದಾಗ ವೇಗ ಎಷ್ಟಿತ್ತು?" ಎಂದೂ, ಇನ್ನು ಕೆಲವರಿಗೆ "ಅಪ್ಪಳಿಸಿ ಜಜ್ಜಿಹೋದಾಗ ವೇಗ ಎಷ್ಟಿತ್ತು?" ಎಂದೂ ಕೇಳಿದರು. ಒಂದು ವಾರ ಬಿಟ್ಟು, "ಒಡೆದ ಗಾಜು ನೋಡಿದಿರಾ?" ಎಂದರು. ಗಾಜು ಇರಲೇ ಇಲ್ಲ. ಮೊದಲ ಗುಂಪಿನ 50 ಜನರಲ್ಲಿ 7 ಜನ ಹೌದು ಅಂದರು, ಎರಡನೆಯ ಗುಂಪಿನ 50ರಲ್ಲಿ 16 ಜನ. ಪ್ರಶ್ನೆಯ ಒಂದು ಪದ ಗಾಜು ಒಡೆದಿತ್ತು.

1995ರಲ್ಲಿ ಇನ್ನೊಂದು ಹೆಜ್ಜೆ. 24 ಜನರಿಗೆ ಅವರ ಮನೆಯವರಿಂದ ಕೇಳಿ ತಿಳಿದ ಬಾಲ್ಯದ ಮೂರು ನಿಜವಾದ ಘಟನೆ ಹೇಳಿ, ಜೊತೆಗೆ ಕಟ್ಟುಕತೆಯೊಂದನ್ನು ಸೇರಿಸಿದರು. ನೀನು ಐದು ವರ್ಷದವನಿದ್ದಾಗ ಶಾಪಿಂಗ್ ಮಾಲ್‌ನಲ್ಲಿ ಕಳೆದುಹೋಗಿದ್ದೆ, ಅಳುತ್ತಿದ್ದೆ, ಯಾರೋ ವಯಸ್ಸಾದವರು ಹುಡುಕಿಕೊಟ್ಟರು ಅಂತ. ನಮ್ಮ ಕಡೆಯಾದರೆ ಜಾತ್ರೆ ಅನ್ನಬಹುದಿತ್ತು. ಕಾಲು ಭಾಗ ಜನಕ್ಕೆ ಅದು ಪೂರ್ತಿಯೋ ಅರೆಬರೆಯೋ 'ನೆನಪಾಯಿತು'. ಕಳೆದುಹೋಗುವುದೇನು ಮಹಾ, ಎಲ್ಲ ಮಕ್ಕಳೂ ಕಳೆದುಹೋಗುತ್ತಾರೆ, ಅದನ್ನೂ ಅತ್ಯಾಚಾರವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ವಿರೋಧಿಸಿದವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ 2002ರಲ್ಲಿ ಬೇರೆ ಸಂಶೋಧಕರು ಬಾಲ್ಯದ ಫೋಟೋ ತಿದ್ದಿ, ಬಿಸಿಗಾಳಿ ಬಲೂನಿನಲ್ಲಿ ಕೂತಿರುವಂತೆ ಮಾಡಿ 20 ಜನರಿಗೆ ತೋರಿಸಿದರು. ಮೂರು ಸಲ ಮಾತಾಡಿಸುವಷ್ಟರಲ್ಲಿ 10 ಜನ ಆ ಸವಾರಿಯನ್ನು 'ನೆನೆಸಿಕೊಂಡಿದ್ದರು'. ಬಲೂನು ಹತ್ತುವುದು ದಿನನಿತ್ಯದ ಸಂಗತಿ ಅಲ್ಲವಲ್ಲ.

ಮೂರೇ ಸಲ ಮಾತಾಡಿಸಿದ್ದು, ಅದೂ ಯಾವ ನಂಟೂ ಇಲ್ಲದ ಅಪರಿಚಿತರು. ಈಗ ವಾರಕ್ಕೊಂದು ಸಲದಂತೆ ಎರಡು ವರ್ಷ, ನೀವು ಪೂರ್ತಿ ನಂಬಿದ ಒಬ್ಬರ ಎದುರು, ನಿಮ್ಮ ದುಃಖಕ್ಕೆ ಕಾರಣ ಹುಡುಕುತ್ತಾ ಕೂರುವುದನ್ನು ಊಹಿಸಿಕೊಳ್ಳಿ.

ಎಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದದ್ದು ಅದೇ. ಹಿನ್ನೆಲೆಯಲ್ಲಿ ಒಂದು ನ್ಯಾಯವಾದ ಸಿಟ್ಟೂ ಇತ್ತು. ಮಕ್ಕಳ ಮೇಲೆ ಮನೆಯೊಳಗೇ ನಡೆಯುವ ದೌರ್ಜನ್ಯವನ್ನು ಡಾಕ್ಟರು, ಪೊಲೀಸರು, ಪಾದ್ರಿಗಳು ಎಲ್ಲರೂ ಸೇರಿ ತಲೆತಲಾಂತರದಿಂದ ಮುಚ್ಚಿಹಾಕಿದ್ದರು. ಮಹಿಳಾ ಚಳವಳಿ ಅದನ್ನು ಬಯಲಿಗೆ ತಂದಿತು. ತಂದದ್ದು ಒಳ್ಳೆಯದೇ ಆಯಿತು. ಅದರ ಬೆನ್ನಿಗೇ ಇನ್ನೊಂದು ನಂಬಿಕೆ ಬಂತು: ಘೋರವಾದದ್ದನ್ನು ಮನಸ್ಸು ಪೂರ್ತಿ ಹೂತುಹಾಕುತ್ತದೆ, ಅಗೆದು ತೆಗೆದರೆ ಮಾತ್ರ ಕಾಯಿಲೆ ವಾಸಿ. ನಿದ್ದೆ ಬರುವುದಿಲ್ಲವೇ, ಗಂಡನ ಹತ್ತಿರ ಹೋಗಲು ಮನಸ್ಸಿಲ್ಲವೇ, ಜಾಸ್ತಿ ತಿನ್ನುತ್ತೀರಾ, ಕಮ್ಮಿ ತಿನ್ನುತ್ತೀರಾ? ಎಲ್ಲವೂ ಲಕ್ಷಣವೇ. ನೆನಪಿಲ್ಲ ಅಂದರೆ ಅದೂ ಲಕ್ಷಣ, ಅಷ್ಟು ಆಳಕ್ಕೆ ಹೂತಿದೆ ಅಂತ. ಅಪ್ಪ 'ನಾನು ಮಾಡಿಲ್ಲ' ಅಂದರೆ ತಪ್ಪಿತಸ್ಥರೆಲ್ಲ ಹೀಗೇ ಹೇಳುವುದು ಅಂತ. ಇಂಥ ವಾದದಲ್ಲಿ 'ಇಲ್ಲ' ಎಂಬ ಉತ್ತರಕ್ಕೆ ಜಾಗವೇ ಇಲ್ಲ. ನನ್ನ ಪ್ರಕಾರ ಇಡೀ ಅನಾಹುತದ ಬೇರು ಇಲ್ಲಿದೆ. ನೆನಪು ದುರ್ಬಲ ಅನ್ನುವುದು ಎರಡನೆಯ ಮಾತು. ಹುಡುಕಲು ಹೊರಟವರಿಗೆ ಏನು ಸಿಗಬೇಕು ಅನ್ನುವುದು ಮೊದಲೇ ಗೊತ್ತಿತ್ತು.

ಅಗೆಯುವ ಉಪಕರಣಗಳೂ ಇದ್ದವು. ಸಂಮೋಹನ. ಕಣ್ಣು ಮುಚ್ಚಿ 'ಏನಾಗಿದ್ದಿರಬಹುದು' ಎಂದು ಕಲ್ಪಿಸಿಕೊಳ್ಳುವುದು. ಕನಸಿಗೆ ಅರ್ಥ ಕಟ್ಟುವುದು. ತಾವೂ ನೆನಪು ಹೊರತೆಗೆಯುತ್ತಿರುವ ಹತ್ತಾರು ಜನರ ಗುಂಪಿನಲ್ಲಿ ಕೂರಿಸುವುದು. ಮತ್ತೆ ಆ ಮಂಪರು ಮದ್ದು.

ಮದ್ದಿನ ವಿಷಯ ಬಂದಾಗ ನಮ್ಮೂರಿನದೂ ಒಂದು ಕತೆ ನೆನಪಾಗುತ್ತದೆ. 2000ರ ದಶಕದಲ್ಲಿ ನಾರ್ಕೋ ಟೆಸ್ಟ್ ಅಂದರೆ ಬೆಂಗಳೂರು. ಛಾಪಾ ಕಾಗದ ಹಗರಣದ ತೆಲಗಿಯಿಂದ ಹಿಡಿದು ದೇಶದ ನಾನಾ ಕಡೆಯ ಆರೋಪಿಗಳಿಗೆ ಇಲ್ಲಿ ಸೋಡಿಯಂ ಪೆಂಟೋಥಾಲ್ ಕೊಟ್ಟು ಪ್ರಶ್ನೆ ಕೇಳುತ್ತಿದ್ದರು. ಅಮೈಟಾಲಿನ ದಾಯಾದಿ ಅದು. ಟೀವಿಯಲ್ಲಿ ಆ ವಿಡಿಯೋ ನೋಡಿ 'ಈಗ ನಿಜ ಬಾಯಿಬಿಡುತ್ತಾನೆ' ಅಂತ ನಾವೆಲ್ಲ ಕಾಯುತ್ತಿದ್ದದ್ದು ನೆನಪಿರಬೇಕು. ಈ ಮದ್ದು ನಿಜ ಹೇಳಿಸುವುದಿಲ್ಲ. ಬಿಗಿ ಸಡಿಲಿಸಿ ಮಾತಾಡಿಸುತ್ತದೆ ಅಷ್ಟೇ. ಆ ಸ್ಥಿತಿಯಲ್ಲಿ ಕೇಳುವವರು ಏನು ಸೂಚಿಸಿದರೂ ಮನಸ್ಸು ಬೇಗ ಹಿಡಿದುಕೊಳ್ಳುತ್ತದೆ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಅಮೆರಿಕದಲ್ಲಿ ರಮೋನಾನ ಮಗಳನ್ನು ನಂಬಿಸಿದ್ದೂ 'ಮದ್ದಿನ ಮಂಪರಿನಲ್ಲಿ ಸುಳ್ಳು ಬರುವುದಿಲ್ಲ' ಎಂಬ ಇದೇ ನಂಬಿಕೆ.

ಆದರೆ ಮದ್ದು, ಸಂಮೋಹನ ಯಾವುದೂ ಇಲ್ಲದೆಯೂ ಮನಸ್ಸು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಪಾಲ್ ಇನ್‌ಗ್ರಾಮ್ ಪ್ರಕರಣ ನೋಡಬೇಕು. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಶೆರೀಫ್ ಕಚೇರಿಯ ದೊಡ್ಡ ಅಧಿಕಾರಿ. ದೈವಭಕ್ತ. 1988ರಲ್ಲಿ ಬೆಳೆದ ಇಬ್ಬರು ಹೆಣ್ಣುಮಕ್ಕಳು ಅವನ ಮೇಲೆ ಆರೋಪ ಮಾಡಿದರು. ನನಗೇನೂ ನೆನಪಿಲ್ಲ, ಆದರೆ ನನ್ನ ಮಕ್ಕಳು ಇಂಥ ವಿಷಯದಲ್ಲಿ ಸುಳ್ಳು ಹೇಳುವವರಲ್ಲ ಎಂದ ಇನ್‌ಗ್ರಾಮ್. ಮಕ್ಕಳ ಮೇಲಿನ ನಂಬಿಕೆಯೇ ಅವನಿಗೆ ಉರುಳಾಯಿತು. ಪ್ರಾರ್ಥಿಸು, ಮನಸ್ಸಿನಲ್ಲಿ ಚಿತ್ರ ತಂದುಕೋ, ನೆನಪಾಗುತ್ತದೆ ಎಂದು ವಿಚಾರಣೆ ಮಾಡುವವರೂ ಪಾದ್ರಿಯೂ ಹೇಳಿದರು. ನೆನಪಾಯಿತು. ದಿನ ಹೋದಂತೆ ಆರೋಪ ಬೆಳೆಯಿತು, ಸೈತಾನ ಪೂಜೆಯವರೆಗೆ ಹೋಯಿತು. ಅವನಿಗೆ ಅದೂ ನೆನಪಾಯಿತು.

ಆಗ ಸರ್ಕಾರಿ ವಕೀಲರ ಕಡೆಯಿಂದಲೇ ಬಂದವರು ರಿಚರ್ಡ್ ಆಫ್ಶೆ ಎಂಬ ಸಮಾಜಶಾಸ್ತ್ರಜ್ಞ. ಅವರಿಗೆ ಅನುಮಾನ ಬಂತು. ಯಾರೂ ಮಾಡದಿದ್ದ ಆರೋಪವೊಂದನ್ನು ತಾವೇ ಕಟ್ಟಿದರು. ನೀನು ನಿನ್ನ ಮಗನನ್ನೂ ಮಗಳನ್ನೂ ಪರಸ್ಪರ ಲೈಂಗಿಕ ಕ್ರಿಯೆಗೆ ಬಲವಂತ ಮಾಡಿದ್ದೆ ಎಂದರು. ಮೊದಲಿಗೆ ಇನ್‌ಗ್ರಾಮ್‌ಗೆ ನೆನಪಿರಲಿಲ್ಲ. ಪ್ರಾರ್ಥನೆ ಮಾಡಿ ಬಂದ. ಆಮೇಲೆ ಮೂರು ಪುಟದ ತಪ್ಪೊಪ್ಪಿಗೆ ಬರೆದುಕೊಟ್ಟ, ಯಾರು ಏನು ಮಾತಾಡಿದರು ಎಂಬುದರ ಸಮೇತ. ಅಂಥದ್ದು ಆಗಿಲ್ಲ ಎಂದು ಮಗಳೇ ಹೇಳಿದಳು. ಇದು ಕಟ್ಟುಕತೆ ಎಂದು ತಿಳಿಸಿದರೂ ಅವನು ಒಪ್ಪಲಿಲ್ಲ, ತನಗೆ ಬೇರೆಲ್ಲ ನೆನಪಿನಷ್ಟೇ ಇದೂ ನಿಜ ಎಂದ. 1989ರಲ್ಲಿ ಕೋರ್ಟಿನಲ್ಲೂ ತಪ್ಪು ಒಪ್ಪಿಕೊಂಡ. ಆಮೇಲೆ ಹಿಂತೆಗೆದುಕೊಳ್ಳಲು ನೋಡಿದ, ಕೋರ್ಟು ಬಿಡಲಿಲ್ಲ. 20 ವರ್ಷ ಶಿಕ್ಷೆಯಾಗಿ, 2003ರಲ್ಲಿ ಹೊರಬಂದ.

ಎಲ್ಲ ಮನೆಗಳೂ ಕೋರ್ಟಿಗೆ ಹೋಗಲಿಲ್ಲ. ಜಾಸ್ತಿ ಮನೆಗಳಲ್ಲಿ ನಡೆದದ್ದು ಇಷ್ಟೇ: ಒಂದು ದಿನ ಪತ್ರ ಬರುತ್ತದೆ. 'ನೀವು ನನಗೆ ಏನು ಮಾಡಿದಿರಿ ಅಂತ ಗೊತ್ತಾಗಿದೆ. ಇನ್ನು ನನ್ನನ್ನು ಸಂಪರ್ಕಿಸಬೇಡಿ.' ಬರೆದವಳು ಮೂವತ್ತು ದಾಟಿದ ಮಗಳು. ಕಳೆದ ಕ್ರಿಸ್‌ಮಸ್‌ಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದವಳು. ಅಪ್ಪನಿಗೆ ಏನು ಉತ್ತರ ಕೊಡಬೇಕು ತಿಳಿಯುವುದಿಲ್ಲ, ಯಾಕೆಂದರೆ ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅಮ್ಮನ ಪಾಡು ಇನ್ನೂ ಕಷ್ಟ. ಗಂಡನನ್ನು ನಂಬಿದರೆ 'ಗೊತ್ತಿದ್ದೂ ಸುಮ್ಮನಿದ್ದೆ' ಎಂಬ ಆರೋಪ ಅವಳ ಮೇಲೂ ಬರುತ್ತದೆ. ಮಗಳನ್ನು ನಂಬಿದರೆ ನಲವತ್ತು ವರ್ಷದ ಸಂಸಾರ ಹೋಯಿತು. ಅಣ್ಣತಮ್ಮಂದಿರು, ಅಕ್ಕತಂಗಿಯರು ಎರಡು ಪಾಳಯ ಆಗುತ್ತಾರೆ. ಮಧ್ಯೆ ನಿಂತವರನ್ನು ಎರಡೂ ಕಡೆಯವರು ದೂರ ಇಡುತ್ತಾರೆ. ಸಾವಿನ ಸುದ್ದಿಯೂ ಬೇರೆಯವರಿಂದ ತಿಳಿಯಬೇಕು.

ಹೀಗೆ ಆರೋಪ ಹೊತ್ತ ಪೋಷಕರು 1992ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಪ್ರತಿಷ್ಠಾನವನ್ನೇ ಕಟ್ಟಿಕೊಂಡರು. ಕಟ್ಟಿದ ದಂಪತಿಯ ಮಗಳು ಸ್ವತಃ ಮನಶ್ಶಾಸ್ತ್ರದ ಪ್ರಾಧ್ಯಾಪಕಿ. ಅವಳು ತನ್ನ ಮಾತಿಗೆ ನಿಂತಳು, ಅಪ್ಪ ಅಮ್ಮ ತಮ್ಮ ಮಾತಿಗೆ ನಿಂತರು. 2019ರ ಕೊನೆಯಲ್ಲಿ ಪ್ರತಿಷ್ಠಾನ ಮುಚ್ಚಿತು. ಅದು ಎಷ್ಟೋ ನಿರಪರಾಧಿಗಳಿಗೆ ಆಸರೆಯಾಯಿತು. ನಿಜವಾಗಿ ತಪ್ಪು ಮಾಡಿದವರಿಗೂ 'ಅವಳಿಗೆ ಹುಸಿ ನೆನಪು' ಎಂಬ ಸಿದ್ಧ ಉತ್ತರ ಸಿಕ್ಕಿತು. ಎರಡೂ ಒಂದೇ ಛತ್ರಿಯ ಕೆಳಗೆ ನಡೆದವು.

ಕೆಲವು ಮಕ್ಕಳು ವಾಪಸ್ ಬಂದರು. ಮಿಸೌರಿಯಲ್ಲಿ ಪಾದ್ರಿಯೊಬ್ಬನ ಮಗಳಿಗೆ ಚರ್ಚಿನ ಆಪ್ತಸಲಹೆಗಾರರ ಹತ್ತಿರ ಹೋದಮೇಲೆ, ಅಪ್ಪ ವರ್ಷಗಟ್ಟಲೆ ಅತ್ಯಾಚಾರ ಮಾಡಿದ್ದು, ಎರಡು ಸಲ ಬಸಿರಾಗಿ ಗರ್ಭ ತೆಗೆಸಿದ್ದು ನೆನಪಾಯಿತು. ಅಪ್ಪ ಕೆಲಸ ಬಿಡಬೇಕಾಯಿತು. ಕೊನೆಗೆ ವೈದ್ಯಕೀಯ ಪರೀಕ್ಷೆ ಮಾಡಿದರೆ, 22 ವರ್ಷದ ಅವಳಿಗೆ ಲೈಂಗಿಕ ಸಂಪರ್ಕವೇ ಆಗಿಲ್ಲ, ಬಸಿರಾಗಿಯೂ ಇಲ್ಲ ಎಂದು ಗೊತ್ತಾಯಿತು. 1996ರಲ್ಲಿ ಹತ್ತು ಲಕ್ಷ ಡಾಲರ್ ಪರಿಹಾರಕ್ಕೆ ರಾಜಿ ಆಯಿತು. ಮಗಳು ಮನೆಯವರ ಜೊತೆ ಸೇರಿದಳು. ಅವಳ ಅದೃಷ್ಟಕ್ಕೆ ದೇಹವೇ ಸಾಕ್ಷಿ ಹೇಳಿತು. ಬಹಳ ಜನಕ್ಕೆ ಅಂಥ ಸಾಕ್ಷಿ ಸಿಗುವುದಿಲ್ಲ. ಸಿಕ್ಕರೂ ಚಿತ್ರ ಅಳಿಸಿಹೋಗುತ್ತದೆ ಅಂತಿಲ್ಲ. ಮಕ್ಕಳ ಮನಸ್ಸಿನ ಬಗ್ಗೆ ದೊಡ್ಡ ಕೆಲಸ ಮಾಡಿದ ಸ್ವಿಟ್ಜರ್‌ಲ್ಯಾಂಡಿನ ಪಿಯಾಜೆಗೆ ತನ್ನನ್ನು ಎರಡನೆಯ ವರ್ಷದಲ್ಲಿ ಯಾರೋ ಅಪಹರಿಸಲು ನೋಡಿದ್ದು, ಆಯಾ ಅಡ್ಡ ನಿಂತು ಮುಖದ ಮೇಲೆ ಪರಚಿಸಿಕೊಂಡದ್ದು ನೆನಪಿತ್ತು. ಅವನಿಗೆ ಹದಿನೈದಾದಾಗ ಆಯಾ ಪತ್ರ ಬರೆದು, ಅದೆಲ್ಲ ತಾನು ಕಟ್ಟಿದ ಕತೆ ಎಂದು ಒಪ್ಪಿಕೊಂಡಳು. ಇನಾಮು ಸಿಕ್ಕಿದ್ದ ವಾಚನ್ನೂ ವಾಪಸ್ ಕಳಿಸಿದಳು. ದೊಡ್ಡವನಾದ ಮೇಲೂ ಆ ದೃಶ್ಯ ಪಿಯಾಜೆಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇಷ್ಟು ಓದಿ, 'ಹಾಗಾದರೆ ತಡವಾಗಿ ಹೇಳುವವರದ್ದೆಲ್ಲ ಕಟ್ಟುಕತೆ' ಅಂತ ಯಾರಾದರೂ ಅಂದುಕೊಂಡರೆ ನಾನು ಬರೆದದ್ದು ಹಾಳಾಯಿತು. ತಡವಾಗಿ ಹೇಳುವುದು ಬೇರೆ, ತಡವಾಗಿ ನೆನಪಾಗುವುದು ಬೇರೆ. ದೌರ್ಜನ್ಯ ಅನುಭವಿಸಿದವರಲ್ಲಿ ಬಹಳಷ್ಟು ಜನ ಅದನ್ನು ಒಂದು ದಿನವೂ ಮರೆತಿರುವುದಿಲ್ಲ. ಹೇಳಲು ಬಾಯಿ ಬಂದಿರುವುದಿಲ್ಲ ಅಷ್ಟೇ. ತಡವಾಗಿ ನೆನಪಾದದ್ದೂ ನಿಜ ಇರಬಹುದು. ಚಿಕ್ಕ ಮಗುವಿಗೆ ಅದು ಏನೆಂದೇ ಅರ್ಥವಾಗದೆ ಮನಸ್ಸಿನ ಮೂಲೆಗೆ ಬಿದ್ದಿದ್ದು, ದೊಡ್ಡವರಾದ ಮೇಲೆ ಒಂದು ವಾಸನೆಯೋ ಸುದ್ದಿಯೋ ಕೆದಕಿದಾಗ ಮೇಲೆ ಬರಬಹುದು. ಬ್ರೌನ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಸ್ ಚೈಟ್‌ಗೆ 1992ರಲ್ಲಿ ಹೀಗೆ ಬಾಲ್ಯದ ಹಾಡಿನ ಶಿಬಿರದಲ್ಲಿ ಆದದ್ದು ನೆನಪಾಯಿತು. ಅವರು ಹುಡುಕಿಕೊಂಡು ಹೋಗಿ ಪುರಾವೆ ಕಲೆಹಾಕಿದರು, ಮಾಡಿದವನೇ ಒಪ್ಪಿಕೊಂಡ.

ಯಾವ ನೆನಪಿಗೆ ಎಷ್ಟು ಪುರಾವೆ ಸಿಗುತ್ತದೆ ಎಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹುಡುಕಿತು. ಯಾವತ್ತೂ ಮರೆಯದೇ ಇದ್ದವರಲ್ಲಿ 45 ಶೇಕಡಾ ಜನರ ಮಾತಿಗೆ ಬೇರೆ ಕಡೆಯಿಂದ ಪುರಾವೆ ಸಿಕ್ಕಿತು. ಮರೆತಿದ್ದು, ತಾನಾಗಿ ನೆನಪಾದವರಲ್ಲಿ 37 ಶೇಕಡಾ. ಚಿಕಿತ್ಸೆಯಲ್ಲಿ ಅಗೆದು ತೆಗೆದ ನೆನಪುಗಳಲ್ಲಿ ಒಂದಕ್ಕೂ ಸಿಗಲಿಲ್ಲ. ಆ ಮೂರನೆಯ ಗುಂಪು ಚಿಕ್ಕದು, ಪುರಾವೆ ಸಿಗದ್ದೆಲ್ಲ ಹುಸಿಯೂ ಅಲ್ಲ. ಆದರೂ ಯಾರನ್ನು ಅನುಮಾನಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಕಂಡಿಲ್ಲ. ಹೇಳುವವರನ್ನಲ್ಲ. ನೆನಪು ಹೊರಬಂದ ದಾರಿಯನ್ನು.

ನಮ್ಮ ದೇಶದ ಲೆಕ್ಕವೂ ಇಲ್ಲಿ ಬೇಕು. 2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ವರದಿ ತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು 53.22 ಶೇಕಡಾ. ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ಅಂದರೆ ನಮ್ಮ ಮನೆಗಳಲ್ಲಿ ಜಾಸ್ತಿ ನಡೆಯುವುದು ಅಮೆರಿಕದ ಕತೆಯ ತಿರುಗುಮುರುಗು. ಇಲ್ಲದ ನೆನಪನ್ನು ತುಂಬುವುದಲ್ಲ, ಇರುವ ನೆನಪನ್ನು ಅಳಿಸುವುದು. 'ಕನಸು ಕಂಡಿರಬೇಕು ಕಣೇ', 'ಚಿಕ್ಕಪ್ಪ ಮುದ್ದು ಮಾಡಿರ್ತಾರೆ, ನೀನು ತಪ್ಪು ತಿಳ್ಕೊಂಡಿದೀಯ', 'ಹೊರಗೆ ಯಾರ ಹತ್ರಾನೂ ಹೇಳ್ಬೇಡ'. ಹತ್ತು ಸಲ ಹೀಗೆ ಕೇಳಿಸಿಕೊಂಡ ಹುಡುಗಿಗೆ ತನ್ನ ನೆನಪಿನ ಮೇಲೇ ಅನುಮಾನ ಬರುತ್ತದೆ. ಇದೂ ಸಲಹೆ ಕೊಟ್ಟು ನೆನಪು ತಿದ್ದುವುದೇ ಅಲ್ವಾ?

1997ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು, ಮರೆತ ದೌರ್ಜನ್ಯವನ್ನು ಹುಡುಕಲು ಸಂಮೋಹನ, ಮಂಪರು ಮದ್ದಿನಂಥ ದಾರಿ ಹಿಡಿಯಬೇಡಿ ಎಂದು ತನ್ನ ವೈದ್ಯರಿಗೆ ತಿಳಿಸಿತು. ಇವತ್ತು ಒಳ್ಳೆಯ ಆಪ್ತಸಲಹೆಗಾರರು ಅಗೆಯುವುದಿಲ್ಲ. ನಿಮ್ಮ ನಿದ್ದೆ, ಊಟ, ಭಯ ಇವತ್ತು ಹೇಗಿದೆ ಎಂದು ಅಲ್ಲಿಂದ ಶುರು ಮಾಡುತ್ತಾರೆ. ಮೊದಲ ಭೇಟಿಯಲ್ಲೇ 'ನಿಮಗೆ ಚಿಕ್ಕಂದಿನಲ್ಲಿ ಏನೋ ಆಗಿದೆ, ನಿಮಗೆ ಗೊತ್ತಿಲ್ಲ' ಅನ್ನುವವರಿದ್ದರೆ ಫೀಸು ಕೊಟ್ಟು ಎದ್ದು ಬನ್ನಿ. ಹಿಂದಿನ ಜನ್ಮದ ನೆನಪು ತೆಗೆಸುತ್ತೇವೆ ಅನ್ನುವವರಿಗೂ ಇದೇ ಮಾತು. ಎರಡು ವರ್ಷದ ಒಳಗಿನ ಘಟನೆ ವಿವರವಾಗಿ ನೆನಪಾಯಿತು ಅಂದರೂ ಸ್ವಲ್ಪ ತಡೆಯಿರಿ. ಅಷ್ಟು ಎಳೆಯ ವಯಸ್ಸಿನದು ಯಾರಿಗೂ ಹಾಗೆ ಉಳಿಯುವುದಿಲ್ಲ.

ಮಗುವೊಂದು ಬಂದು ಏನೋ ಹೇಳಿದಾಗ ಏನು ಮಾಡಬೇಕು ಅನ್ನುವುದೂ ಇದೇ ಪಾಠದಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂಬ ಪ್ರಕರಣ 1983ರಿಂದ 1990ರವರೆಗೆ ಎಳೆಯಿತು. ಮಕ್ಕಳನ್ನು ಗೊಂಬೆ ಹಿಡಿದು, ಬೇಕಾದ ಉತ್ತರ ಬರುವವರೆಗೆ ಕೇಳಿದ್ದರು. ನೆಲದಡಿಯ ಸುರಂಗ, ಹಾರುವ ಮಾಟಗಾತಿ ಎಲ್ಲ ಬಂತು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆ ಮಕ್ಕಳಲ್ಲಿ ಯಾರಿಗಾದರೂ ನಿಜವಾಗಿ ಏನಾದರೂ ಆಗಿದ್ದರೆ, ಅದೂ ಆ ಪ್ರಶ್ನೆಗಳ ಅಡಿಯಲ್ಲೇ ಹೂತುಹೋಯಿತು.

ಹಾಗಾಗಿ 'ಮಾವ ಮುಟ್ಟಿದ್ನಾ? ಎಲ್ಲಿ ಮುಟ್ಟಿದ?' ಅಂತ ಶುರು ಮಾಡಬೇಡಿ. ಮಗು ಇನ್ನೂ ಹೇಳದ ಹೆಸರನ್ನು ನೀವು ಹೇಳಬೇಡಿ. ಗಾಬರಿಯನ್ನು ಮುಖದಲ್ಲಿ ತೋರಿಸದೆ, ಕೈಲಿದ್ದ ಕೆಲಸ ಬಿಟ್ಟು ಹತ್ತಿರ ಕೂರಿ. ರಾತ್ರಿ ಕತೆ ಕೇಳುವಾಗ ಮಕ್ಕಳು ಹೂಂಗುಟ್ಟುತ್ತಾರಲ್ಲ, ಈಗ ಆ ಕೆಲಸ ನಿಮ್ಮದು. ಹೂಂ. ಆಮೇಲೆ?